ರೋಗಕ್ಕೊಂದು ವೇಷ: ಬಳ್ಳಾರಿ ಸೀಮೆಯ ರಂಗಪರಂಪರೆ ಮತ್ತು ಒಂದು ಫ್ರೆಂಚ್ ಕರಾಳ ಹಾಸ್ಯಚಿತ್ರ

ಕನ್ನಡದಲ್ಲಿ ಜ್ವರ ‘ಬರುತ್ತದೆ’, ಕೆಲವು ದಿನ ಮೈಯಲ್ಲಿ ‘ಇರುತ್ತದೆ’, ಕೊನೆಗೆ ‘ಬಿಡುತ್ತದೆ’. ಬಳ್ಳಾರಿ ಸೀಮೆಯ ಆಡುಮಾತಿನಲ್ಲಿ ಮನುಷ್ಯ ಜಡ್ಡಿಗೆ ‘ಬೀಳುತ್ತಾನೆ’, ಜಡ್ಡಿನಿಂದ ‘ಏಳುತ್ತಾನೆ’. ಸಿಡುಬು ಕಾಣಿಸಿಕೊಂಡ ಮನೆಯಲ್ಲಿ ಆ ಹೆಸರನ್ನೇ ಎತ್ತದೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಂದವಳು ಅತಿಥಿಯಾದ್ದರಿಂದ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಒಗ್ಗರಣೆ ಹಾಕದಿರುವುದು, ತಂಪಿನ ಎಡೆ ಒಪ್ಪಿಸಿ ಕಳಿಸಿಕೊಡುವುದು ಮನೆಯವರ ಕರ್ತವ್ಯವಾಗಿತ್ತು. 1975ರಲ್ಲಿ ಸಿಡುಬು ಭಾರತದಿಂದ ಮರೆಯಾಯಿತು. 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ ರೋಗವನ್ನು ಬಂದುಹೋಗುವ ವ್ಯಕ್ತಿಯೆಂದು ಭಾವಿಸುವ ನುಡಿ ಹಾಗೆಯೇ ಉಳಿದಿದೆ. ಇದಕ್ಕೆ ಹೊರತಾಗಿರುವುದು ಕ್ಯಾನ್ಸರ್. ಅದು ‘ಬಂತು’ ಎನ್ನುವವರು ‘ಬಿಟ್ಟಿತು’ ಎನ್ನಲು ಹಿಂಜರಿಯುತ್ತಾರೆ. ‘ಅರ್ಬುದ’ವೆಂಬ ಶಾಸ್ತ್ರೀಯ ಪದ ಗ್ರಂಥಗಳಲ್ಲೇ ಉಳಿಯಿತು, ಮನೆಗಳಲ್ಲಿ ಅದು ‘ಆ ರೋಗ’, ‘ದೊಡ್ಡ ಜಡ್ಡು’. ಅನೇಕ ಕುಟುಂಬಗಳಲ್ಲಿ ಎಲ್ಲರಿಗೂ ತಿಳಿದಿರುವ ಆ ಹೆಸರು ರೋಗಿಯೊಬ್ಬನಿಗೆ ಮಾತ್ರ ತಿಳಿದಿರುವುದಿಲ್ಲ.

ಹೆಸರಿಸಲಾಗದ ರೋಗವನ್ನು ಕಲೆ ಹೇಗೆ ಮಾತನಾಡಿಸಬಲ್ಲುದು, ಅದರ ಎದುರಿಗೆ ನಗುವುದಕ್ಕೆ ಯಾರಿಗೆ ಅಧಿಕಾರವಿದೆ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಪ್ರಬಂಧವು ಎರಡು ನೆಲೆಗಳಲ್ಲಿ ಪರಿಶೀಲಿಸುತ್ತದೆ. ಒಂದು, ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಪರಿಸರದ ಬಯಲಾಟ, ತೊಗಲುಗೊಂಬೆಯಾಟ ಮತ್ತು ನಾಟಕಗಳ ಪರಂಪರೆ. ಇನ್ನೊಂದು, 2010ರಲ್ಲಿ ತೆರೆಕಂಡ ಒಂದು ಫ್ರೆಂಚ್ ಚಲನಚಿತ್ರ. ಇವುಗಳ ನಡುವೆ ಪ್ರಭಾವದ ಸಂಬಂಧವೇನೂ ಇಲ್ಲ. ಆದರೆ ಎರಡೂ ಕಡೆ ಸಂಕಟವು ವೇಷ ತೊಟ್ಟು, ಹೆಸರು ಹೇಳಿಕೊಂಡು ರಂಗಕ್ಕೆ ಬರುತ್ತದೆ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದಾಗ ಎರಡರ ಶಕ್ತಿಯೂ ಮಿತಿಯೂ ಸ್ಪಷ್ಟವಾಗುತ್ತವೆ.

ಬಾಗಿಲಿಗೆ ಬಂದ ಕಾಯಿಲೆ

ಬೆರ್ತ್ರಾಂ ಬ್ಲಿಯೆ (1939–2025) ಫ್ರಾನ್ಸಿನ ಕರಾಳ ಹಾಸ್ಯದ ಪ್ರಮುಖ ನಿರ್ದೇಶಕ. ಆತನ ‘ಲ ಬ್ರುಯಿ ದೆ ಗ್ಲಾಸೋಂ’ ಎಂಬ ಚಿತ್ರದ ಶೀರ್ಷಿಕೆಗೆ ‘ಮಂಜುಗಡ್ಡೆಗಳ ಸದ್ದು’ ಎಂದು ಅರ್ಥ. ಕಥಾನಾಯಕ ಶಾರ್ಲ್ ಫೋಕ್ ಒಬ್ಬ ಲೇಖಕ. ಹೆಂಡತಿ ಮಗನೊಡನೆ ಬಿಟ್ಟುಹೋಗಿದ್ದಾಳೆ, ಬರವಣಿಗೆ ನಿಂತಿದೆ, ಕುಡಿತ ಹೆಚ್ಚಿದೆ. ಮದ್ಯದ ಸೀಸೆಯನ್ನಿಟ್ಟ ಮಂಜುಗಡ್ಡೆಯ ಬಕೀಟನ್ನು ಆತ ಹೋದಲ್ಲೆಲ್ಲ ಹೊತ್ತೊಯ್ಯುತ್ತಾನೆ. ಚಿತ್ರದ ಹೆಸರು ಬಂದಿರುವುದು ಆ ಬಕೀಟಿನ ಸದ್ದಿನಿಂದ. ಒಂದು ದಿನ ಅಪರಿಚಿತನೊಬ್ಬ ಬಾಗಿಲಿಗೆ ಬಂದು, ತಾನು ಶಾರ್ಲನ ಕ್ಯಾನ್ಸರ್ ಎಂದು ಪರಿಚಯ ಹೇಳಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಆ ಆಗಂತುಕ ಮನೆಯಲ್ಲೇ ತಳವೂರುತ್ತಾನೆ, ಮಾತಿಗೆ ಮಾತು ಸೇರಿಸುತ್ತಾನೆ, ನಿದ್ದೆಗೆಡಿಸುತ್ತಾನೆ, ಕೀಟಲೆ ಮಾಡುತ್ತಾನೆ. ಶಾರ್ಲನಾಗಿ ಜ್ಯಾ ದ್ಯುಜಾರ್ದ್ಯಾ, ಕ್ಯಾನ್ಸರ್ ಆಗಿ ಅಲ್ಬೇರ್ ದ್ಯುಪೊಂತೆಲ್ ಅಭಿನಯಿಸಿದ್ದಾರೆ.

ಈ ಆಗಂತುಕ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಯಾರ ಕಾಯಿಲೆಯೋ ಅವರಿಗಷ್ಟೇ ಆತ ಕಾಣಬೇಕು. ಆದರೆ ಮನೆಗೆಲಸದ ಲೂಯಿಜಾಗೂ ಆತ ಕಾಣುತ್ತಾನೆ. ಕಾರಣ, ಆಕೆಗೂ ಕ್ಯಾನ್ಸರ್ ಇದೆ. ಆಕೆಯ ಕಾಯಿಲೆಯೂ ಒಬ್ಬ ಹೆಂಗಸಿನ ರೂಪದಲ್ಲಿ ಬಂದು ಸೇರಿಕೊಳ್ಳುತ್ತದೆ. ಆ ಪಾತ್ರ ಮಿರಿಯಾಂ ಬ್ವಾಯೆಯದು. ಒಡೆಯನನ್ನು ಮೌನವಾಗಿ ಪ್ರೀತಿಸುವ ಲೂಯಿಜಾಳ ಪಾತ್ರಕ್ಕಾಗಿ ಆನ್ ಅಲ್ವಾರೊ 2011ರಲ್ಲಿ ಫ್ರಾನ್ಸಿನ ಸೆಜಾರ್ ಪ್ರಶಸ್ತಿ ಪಡೆದರು.

ಕಾಯಿಲೆಯನ್ನು ಹಾಸ್ಯಕ್ಕೆ ಒಡ್ಡುವುದು ಫ್ರೆಂಚ್ ರಂಗಭೂಮಿಗೆ ಹೊಸದಲ್ಲ. ಮೋಲಿಯೇರ್ 1673ರಲ್ಲಿ ಬರೆದ ಕೊನೆಯ ನಾಟಕ ಕಲ್ಪಿತ ರೋಗಿಯೊಬ್ಬನನ್ನು ಕುರಿತದ್ದು. ಅದರಲ್ಲಿ ರೋಗಿಯ ಪಾತ್ರ ಮಾಡುತ್ತಿದ್ದ ಮೋಲಿಯೇರ್ ನಿಜವಾಗಿಯೂ ಕಾಯಿಲೆಯವನಾಗಿದ್ದ. ನಾಲ್ಕನೆಯ ಪ್ರಯೋಗದಲ್ಲಿ ಅಸ್ವಸ್ಥನಾಗಿ ಅದೇ ರಾತ್ರಿ ತೀರಿಕೊಂಡ. ಆದರೆ ಮೋಲಿಯೇರ್ ಗೇಲಿ ಮಾಡಿದ್ದು ರೋಗಭೀತಿಯನ್ನು ಮತ್ತು ವೈದ್ಯರ ಆಡಂಬರವನ್ನು. ರೋಗಕ್ಕೇ ಮೈಯನ್ನೂ ನಾಲಗೆಯನ್ನೂ ಕೊಟ್ಟದ್ದು ಬ್ಲಿಯೆಯ ವಿಶೇಷ. ಬಳ್ಳಾರಿ ಸೀಮೆಯ ಪ್ರೇಕ್ಷಕನಿಗೆ ಚಿರಪರಿಚಿತವೆನಿಸಬಹುದಾದ ಅಂಶವೂ ಅದೇ.

ಪ್ರವೇಶ: ಸಾರಥಿಯ ಪ್ರಶ್ನೆ

ಸಿರುಗುಪ್ಪ ತಾಲೂಕು ತುಂಗಭದ್ರೆ ಮತ್ತು ವೇದಾವತಿ ಅಥವಾ ಹಗರಿ ಹೊಳೆಗಳು ಕೂಡುವ ಬಯಲು, ಭತ್ತದ ಸೀಮೆ. ಕುರುಗೋಡು ಸಿಂದ ಅರಸರ ಕಾಲದ ದೇಗುಲಗಳ ಊರು. ದೊಡ್ಡಬಸವೇಶ್ವರನಿಂದ ಹೆಸರಾದದ್ದು, ಈಗ ಪ್ರತ್ಯೇಕ ತಾಲೂಕು ಕೇಂದ್ರ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಈ ಪ್ರದೇಶ ಮದರಾಸು ಆಡಳಿತದಲ್ಲಿತ್ತು. ಕನ್ನಡ, ತೆಲುಗು ಎರಡೂ ಇಲ್ಲಿ ಮನೆಮಾತುಗಳು, ಎರಡೂ ರಂಗದ ಮಾತುಗಳು. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಲ್ಲಿ ಕಟ್ಟುತ್ತಿದ್ದ ಬಯಲಾಟದ ಅಟ್ಟಕ್ಕೆ ಬರುವ ಪ್ರತಿಯೊಂದು ಪಾತ್ರವೂ ಒಂದು ವಿಚಾರಣೆಗೆ ಒಳಪಡಬೇಕು. ಸಾರಥಿ ಎಂಬ ಹಾಸ್ಯಗಾರ ಎದುರು ನಿಂತು, ಬಂದವರು ಯಾರು, ಯಾವ ಊರಿನವರು, ಹೆಸರೇನು, ಬಂದ ಕಾರಣವೇನು ಎಂದು ಕೇಳುತ್ತಾನೆ. ದೇವತೆಯಾಗಲಿ ದೈತ್ಯನಾಗಲಿ ಇದರಿಂದ ಪಾರಿಲ್ಲ. ಕಿರೀಟಧಾರಿ ಗ್ರಾಂಥಿಕ ಗದ್ಯದಲ್ಲಿ ಬಿರುದುಗಳನ್ನು ಸುರಿಸುತ್ತಾನೆ. ಸಾರಥಿ ಅದನ್ನು ಹಟ್ಟಿಯ ಮಾತಿಗೆ ಇಳಿಸಿ ಕಾಲೆಳೆಯುತ್ತಾನೆ.

ಇದನ್ನು ಪ್ರೇಕ್ಷಕರಿಗೆ ಪಾತ್ರ ಪರಿಚಯಿಸುವ ತಂತ್ರವೆಂದು ಮಾತ್ರ ವಿವರಿಸುವುದು ರೂಢಿ. ಆದರೆ ಅದರಲ್ಲಿ ಇನ್ನೂ ಒಂದು ತಿಳಿವಳಿಕೆ ಅಡಗಿದೆ. ಭಯ ಹುಟ್ಟಿಸುವ ಶಕ್ತಿಯೂ ಸಭೆಯ ಮುಂದೆ ಹೆಸರು ಹೇಳದೆ ಆಟದೊಳಗೆ ಕಾಲಿಡುವಂತಿಲ್ಲ. ಹೆಸರು ಹೇಳಿದ ಕ್ಷಣದಲ್ಲೇ ಅದು ಮಾತಿಗೆ ಸಿಕ್ಕುತ್ತದೆ. ಮಾತಿಗೆ ಸಿಕ್ಕದ್ದು ನಗೆಗೂ ಸಿಕ್ಕುತ್ತದೆ. ಬ್ಲಿಯೆಯ ಚಿತ್ರ ತೊಡಗುವುದೂ ಇಂಥದೇ ನಾಮೋಚ್ಚಾರದಿಂದ. ಆದರೆ ಅಲ್ಲಿ ಸಾರಥಿ ಇಲ್ಲ. ಬಾಗಿಲು ತೆರೆದು ‘ಯಾರು’ ಎಂದು ಕೇಳಬೇಕಾದವನು ಸ್ವತಃ ರೋಗಿ. ಉತ್ತರ ಕೇಳಿಸಿಕೊಳ್ಳುವ ಸಭೆಯೂ ಆತನೊಬ್ಬನೇ. ಬಯಲಿನಲ್ಲಿ ನಡೆಯುವ ವಿಚಾರಣೆ ಇಲ್ಲಿ ಕೋಣೆಯೊಳಗಿನ ಏಕಾಂತವಾಗುತ್ತದೆ. ಪಾತ್ರಗಳು ಆಗಾಗ ಕ್ಯಾಮೆರಾದತ್ತ ತಿರುಗಿ ಪ್ರೇಕ್ಷಕನೊಡನೆ ನೇರವಾಗಿ ಮಾತನಾಡುವುದು ಈ ಕೊರತೆಯನ್ನು ತುಂಬುವ ಪ್ರಯತ್ನದಂತೆ ತೋರುತ್ತದೆ.

ಒಳಗೆ ನೆಲೆಸಿದವನು: ಕಲಿ, ಶನಿ, ನಕ್ಷತ್ರಿಕ

ಸಂಕಟವು ವ್ಯಕ್ತಿಯಾಗಿ ಬಂದು ಮನುಷ್ಯನನ್ನು ಹಿಡಿಯುವ ಮೂರು ಕಥೆಗಳು ಈ ಸೀಮೆಗೆ ಪರಿಚಿತ. ಮೂರರಲ್ಲಿ ಕಾಯಿಲೆಗೆ ಅತಿ ಹತ್ತಿರವಾದುದು ನಳನದು. ಬಳ್ಳಾರಿಯಲ್ಲಿ ಸರಸ ವಿನೋದಿನಿ ಸಭೆಯನ್ನು ಕಟ್ಟಿದ ಧರ್ಮವರಂ ಕೃಷ್ಣಮಾಚಾರ್ಯರ (1853–1912) ‘ಚಿತ್ರನಳೀಯಮು’ ತೆಲುಗು ರಂಗಭೂಮಿಯ ಆರಂಭಕಾಲದ ಪ್ರಮುಖ ನಾಟಕಗಳಲ್ಲಿ ಒಂದು. ಕನ್ನಡದಲ್ಲಿ ಕನಕದಾಸರ ‘ನಳಚರಿತ್ರೆ’ ಗಮಕ ವಾಚನದ ಮೂಲಕ ಜನಪ್ರಿಯವಾಗಿದೆ. ಮಹಾಭಾರತದ ಅರಣ್ಯಪರ್ವದ ಮೂಲಕಥೆಯಲ್ಲಿ ಕಲಿಯು ಹನ್ನೆರಡು ವರ್ಷ ಹೊಂಚು ಹಾಕಿ, ನಳನ ಆಚಾರದಲ್ಲಿ ಕೂದಲೆಳೆಯಷ್ಟು ಲೋಪ ಕಂಡೊಡನೆ ಅವನ ಮೈಯನ್ನು ಹೊಗುತ್ತಾನೆ. ರಾಜ್ಯ, ಮಡದಿ, ಮಕ್ಕಳು ಎಲ್ಲವೂ ಕೈಬಿಟ್ಟುಹೋಗುತ್ತವೆ. ಕಾಡಿನಲ್ಲಿ ಕಾರ್ಕೋಟಕ ಸರ್ಪವು ನಳನನ್ನು ಕಚ್ಚಿ ವಿರೂಪಗೊಳಿಸುತ್ತದೆ. ಆದರೆ ಆ ವಿಷ ಸುಡುವುದು ನಳನನ್ನಲ್ಲ, ಅವನೊಳಗೆ ಕುಳಿತ ಕಲಿಯನ್ನು. ಮುಂದೆ ಋತುಪರ್ಣನಿಂದ ಪಗಡೆಯ ರಹಸ್ಯವನ್ನೂ ಎಣಿಕೆಯ ವಿದ್ಯೆಯನ್ನೂ ಕಲಿತಾಗ ಕಲಿ ವಿಷವನ್ನು ಕಾರುತ್ತ ಹೊರಬೀಳುತ್ತಾನೆ. ಆಗ ನಳನಿಗೂ ಕಲಿಗೂ ಮಾತುಕತೆ ನಡೆಯುತ್ತದೆ. ಆ ಕಲಿ ನಳನ ಹೊರತು ಬೇರೆ ಯಾರಿಗೂ ಕಾಣುವುದಿಲ್ಲ.

ರೋಗಿಯ ಕಣ್ಣಿಗೆ ಮಾತ್ರ ಕಾಣುವ ರೋಗವೆಂಬ ಬ್ಲಿಯೆಯ ಕಲ್ಪನೆ ಇಲ್ಲಿ ಪೂರ್ಣರೂಪದಲ್ಲಿದೆ. ಅದರೊಡನೆ ಇನ್ನೊಂದು ಒಳನೋಟವೂ ಇದೆ. ಮೈಯನ್ನು ವಿಕಾರಗೊಳಿಸುವ ವಿಷವೇ ಒಳಗಿನ ಶತ್ರುವನ್ನು ಸುಡುವ ಮದ್ದಾಗುತ್ತದೆ. ಕ್ಯಾನ್ಸರಿನ ರಾಸಾಯನಿಕ ಚಿಕಿತ್ಸೆಯಲ್ಲಿ ಕೂದಲುದುರಿ, ಬಣ್ಣಗೆಟ್ಟು, ಕನ್ನಡಿಯಲ್ಲಿ ತನ್ನ ಗುರುತು ತನಗೇ ಹತ್ತದಂತಾದ ರೋಗಿಗೆ ಬಾಹುಕನ ಕಥೆ ಆಡುವ ಮಾತು ಬೇರೆಯೇ. ಆ ರೂಪ ರೋಗದ ಗೆಲುವಲ್ಲ, ರೋಗದೊಡನೆ ನಡೆದಿರುವ ಕಾಳಗದ ಗುರುತು.

ಎರಡನೆಯದು ಶನಿಯ ಕಥೆ. ಪಾರಾಯಣ, ಹರಿಕಥೆ, ಆಟ, ನಾಟಕಗಳ ಮೂಲಕ ಅದು ಕನ್ನಡನಾಡಿನುದ್ದಕ್ಕೂ ಹರಡಿದೆ. ಆಸ್ಥಾನದಲ್ಲಿ ಶನಿಯನ್ನು ಹಗುರವಾಗಿ ಕಂಡ ವಿಕ್ರಮರಾಜ ಏಳೂವರೆ ವರ್ಷ ಕಾಡಿಸಿಕೊಳ್ಳುತ್ತಾನೆ. ಕಳವಿನ ಆರೋಪ ಹೊತ್ತು, ಕೈಕಾಲು ಕಡಿಸಿಕೊಂಡು, ಗಾಣದ ಮೇಲೆ ಕೂರುತ್ತಾನೆ. ಅವಧಿ ಮುಗಿದಾಗ ಶನಿ ಪ್ರತ್ಯಕ್ಷನಾಗಿ ಕಳೆದುಕೊಂಡದ್ದನ್ನೆಲ್ಲ ಮರಳಿಸುತ್ತಾನೆ. ಈ ಪಾತ್ರದ ಜನಪ್ರಿಯತೆ ಎಷ್ಟೆಂದರೆ ಕನ್ನಡದ ನಟರೊಬ್ಬರು ಜೀವನಪರ್ಯಂತ ಶನಿ ಮಹದೇವಪ್ಪನೆಂದೇ ಹೆಸರಾದರು.

ಮೂರನೆಯವನು ನಕ್ಷತ್ರಿಕ. ಹಂಪೆಯ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಈ ನೆಲದ ಕೃತಿ. ಹಂಪೆ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ್ದರೂ ಅದಕ್ಕೆ ಮುಂಚಿನ ದೀರ್ಘಕಾಲ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಬಳ್ಳಾರಿಯ ರಾಘವರಿಗೆ (1880–1946) ಹೆಸರು ತಂದ ಪಾತ್ರಗಳಲ್ಲಿ ಹರಿಶ್ಚಂದ್ರನೂ ಒಂದು. ವಿಶ್ವಾಮಿತ್ರನ ಸಾಲ ವಸೂಲಿಗೆಂದು ಬರುವ ನಕ್ಷತ್ರಿಕ ಹರಿಶ್ಚಂದ್ರನನ್ನು ಹೆಜ್ಜೆಹೆಜ್ಜೆಗೂ ಹಿಂಬಾಲಿಸಿ ಪೀಡಿಸುತ್ತಾನೆ. ಬಿಡದೆ ಬೆನ್ನುಹತ್ತುವವನನ್ನು ಈ ಗಡಿನಾಡಿನ ಎರಡೂ ಭಾಷೆಗಳಲ್ಲಿ ನಕ್ಷತ್ರಿಕನೆಂದೇ ಕರೆಯುತ್ತಾರೆ. ರಂಗದ ಮೇಲೆ ಆತ ಕ್ರೂರಿಯೂ ಹೌದು, ನಗೆ ತರಿಸುವವನೂ ಹೌದು. ಹುಣಸೂರು ಕೃಷ್ಣಮೂರ್ತಿಯವರ 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ಈ ಪಾತ್ರ ಹಾಸ್ಯನಟ ನರಸಿಂಹರಾಜು ಅವರ ಪಾಲಿಗೆ ಬಂದದ್ದು ಆಕಸ್ಮಿಕವಲ್ಲ.

ನಕ್ಷತ್ರಿಕ ಸಾಲಗಾರನ ಕಡೆಯವನಲ್ಲ, ಸಾಲ ಕೊಟ್ಟವನ ಕಡೆಯವನು. ರೋಗವಂತೂ ಅಲ್ಲವೇ ಅಲ್ಲ ಎಂಬ ಆಕ್ಷೇಪ ಇಲ್ಲಿ ಸಹಜ. ಆದರೆ ಸಿರುಗುಪ್ಪದ ಬಯಲಿನ ಒಕ್ಕಲು ಮನೆಯಲ್ಲಿ ದೊಡ್ಡ ಜಡ್ಡು ಮತ್ತು ಸಾಲ ಬೇರೆಬೇರೆಯಾಗಿ ಬರುವುದು ಅಪರೂಪ. ಬಳ್ಳಾರಿ ನಗರದಲ್ಲಿ 1961ರಿಂದ ವೈದ್ಯಕೀಯ ಕಾಲೇಜಿದೆ. ಮುಂದೆ ಬಹುಕಾಲ ಅದು ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ ಎಂಬ ಹೆಸರಿನಲ್ಲಿತ್ತು. ಕ್ಯಾನ್ಸರ್ ಚಿಕಿತ್ಸೆಗೆಂದು ಮುನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ, 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಗೆ, ಹೋಗುವವರೂ ಇದ್ದಾರೆ. ಪ್ರಯಾಣ, ತಂಗುವಿಕೆ, ಜೊತೆಗಾರನ ಕೂಲಿನಷ್ಟ ಎಲ್ಲ ಸೇರಿ ಪ್ರತಿಯೊಂದು ತಿರುಗಾಟವೂ ಒಂದು ಕೈಬದಲಿಯಾಗುತ್ತದೆ. ಬ್ಲಿಯೆಯ ಶಾರ್ಲ್ ಸ್ಥಿತಿವಂತ. ಅವನ ಕಾಯಿಲೆ ಅವನ ಸಮಯವನ್ನು ಮಾತ್ರ ಕೇಳುತ್ತದೆ. ರಾಘವಾಂಕನ ಕಥಾಲೋಕದಲ್ಲಿ ಬೆನ್ನುಹತ್ತಿದವನು ಹೊಲ, ಮನೆ, ಮಡದಿ, ಮಗ, ಕೊನೆಗೆ ಮೈಯನ್ನೂ ಕೇಳುತ್ತಾನೆ. ಬಡವನ ಕಾಯಿಲೆಗೆ ವೇಷ ತೊಡಿಸುವುದಾದರೆ ಅದು ಫ್ರೆಂಚ್ ಆಗಂತುಕನನ್ನು ಹೋಲುವುದಕ್ಕಿಂತ ನಕ್ಷತ್ರಿಕನನ್ನೇ ಹೆಚ್ಚು ಹೋಲುತ್ತದೆ.

ನಿರ್ಗಮನ: ಊರ ಗಡಿ

ಬಂದದ್ದು ಹೋಗಲೇಬೇಕೆಂಬುದು ಈ ಪರಂಪರೆಯ ಮೂಲ ನಂಬಿಕೆ. ಕಲಿಗೆ ಹೊರಬೀಳುವ ಗಳಿಗೆಯೊಂದಿದೆ, ಸೇರಿಕೊಳ್ಳಲು ತಾರೆಯ ಮರವೊಂದಿದೆ. ಶನಿಗೆ ಅವಧಿ ಇದೆ. ನಕ್ಷತ್ರಿಕನಿಗೆ ಸಾಲ ತೀರುವ ಕೊನೆಯೊಂದಿದೆ. ಆಚರಣೆಗಳಲ್ಲಿಯೂ ಇದೇ ಕ್ರಮ. ಊರಮ್ಮನ ಜಾತ್ರೆಯಲ್ಲಿ ಊರ ಎಲ್ಲೆಯುದ್ದಕ್ಕೂ ಚರಗ ಚೆಲ್ಲುವುದು, ಮಾರಿಯನ್ನು ಗಡಿ ದಾಟಿಸುವುದು, ಮಧ್ಯ ಕರ್ನಾಟಕದ ಹಲವು ಊರುಗಳಲ್ಲಿ ‘ಹೊರಬೀಡು’ ಎಂದು ಇಡೀ ಊರೇ ಒಂದು ದಿನ ಮನೆ ತೊರೆದು ಹೊಲಗಳಲ್ಲಿ ಅಡುಗೆ ಮಾಡಿಕೊಂಡಿರುವುದು, ಇವೆಲ್ಲ ಬೇನೆಗೆ ಹೊರದಾರಿ ತೋರಿಸುವ ಕ್ರಿಯೆಗಳು. ತೊಗಲುಗೊಂಬೆಯಾಟವನ್ನು ಮಳೆಗಾಗಿಯೂ ದನಕರುಗಳ ಬೇನೆ ನೀಗುವುದಕ್ಕಾಗಿಯೂ ಆಡಿಸುವ ಪದ್ಧತಿಯ ಹಿಂದಿರುವುದೂ ಇದೇ ಭಾವನೆ.

ಗಡಿ ದಾಟಿಸಿದ ಮಾರಿ ಪಕ್ಕದ ಊರಿನ ಪಾಲಾಗುತ್ತಾಳೆಂಬ ಸಂಗತಿಯನ್ನು ಇಲ್ಲಿ ಮರೆಯಲಾಗದು. ಆದರೂ ಈ ಕ್ರಿಯೆಗಳಲ್ಲಿ ಹೊರಹಾಕುವುದು ರೋಗದ ಪ್ರತಿಮೆಯನ್ನು. ರೋಗಿ ಒಳಗೇ ಉಳಿಯುತ್ತಾನೆ. ರೋಗಕ್ಕೆ ಪ್ರತ್ಯೇಕವಾದ ಮೈಯೊಂದನ್ನು ಕೊಡುವುದೆಂದರೆ ರೋಗಿಯ ಮೈಯನ್ನು ರೋಗಿಗೇ ಉಳಿಸಿಕೊಡುವುದು. ಬ್ಲಿಯೆಯ ಚಿತ್ರವೂ ಬಯಲಾಟವೂ ಪರಸ್ಪರ ಸಂಧಿಸುವುದು ಈ ನೆಲೆಯಲ್ಲಿ.

ನಗುವವರು ಯಾರು?

ಹಾಗಾದರೆ ನಗು ಯಾರದು? ತೊಗಲುಗೊಂಬೆಯಾಟದಲ್ಲಿ ರಾಮಾಯಣದ ಗಂಭೀರ ಪ್ರಸಂಗದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ನುಗ್ಗಿಬರುತ್ತಾರೆ. ಯುದ್ಧ, ಮೂರ್ಛೆ, ಶೋಕಗಳ ಪಕ್ಕದಲ್ಲೇ ಹಸಿವು, ಜಗಳ, ಹಾಸಿಗೆಯ ಮಾತು ನಡೆಯುತ್ತವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು (ನಿಧನ 2023) ಗಾಂಧೀಜಿಯವರ ಬದುಕನ್ನೂ ತೊಗಲುಗೊಂಬೆಗೆ ತಂದು ಈ ಕಲೆಗೆ ಹೊಸ ವಸ್ತುಗಳನ್ನು ಹೊಂದಿಸಿದವರು. ಬಯಲಾಟದಲ್ಲಿ ಈ ಸ್ಥಾನ ಸಾರಥಿಯದು. ಕಾಡುವವನು, ಕಾಡಿಸಿಕೊಳ್ಳುವವನು, ಇವರಿಬ್ಬರ ನಡುವೆ ಮೂರನೆಯವನೊಬ್ಬ ನಿಂತಿದ್ದಾನೆ. ಪ್ರೇಕ್ಷಕ ನಗುವುದು ಇವನ ಮೂಲಕ. ಆದ್ದರಿಂದ ನರಳುವವನನ್ನು ಕಂಡು ನಕ್ಕ ಪಾಪ ಅವನಿಗೆ ತಟ್ಟುವುದಿಲ್ಲ.

ಫ್ರೆಂಚ್ ಹಾಸ್ಯದಲ್ಲಿ ಇದೇ ಸ್ಥಾನವನ್ನು ಮನೆಗೆಲಸದವಳು ತುಂಬುತ್ತಿದ್ದಳು. ಮೋಲಿಯೇರನ ನಾಟಕದಲ್ಲಿ ತ್ವಾನೆತ್ ಎಂಬ ಸೇವಕಿ ತಾನೇ ವೈದ್ಯನ ವೇಷ ಹಾಕಿ ಒಡೆಯನ ಭ್ರಮೆಯನ್ನು ಬಯಲುಮಾಡುತ್ತಾಳೆ. ನಳಕಥೆಯಲ್ಲೂ ವಿರೂಪಿ ಬಾಹುಕನನ್ನು ಪರೀಕ್ಷಿಸಲು ದಮಯಂತಿ ಕಳಿಸುವುದು ದಾಸಿ ಕೇಶಿನಿಯನ್ನು. ಬಾಹುಕನ ಅಡುಗೆಯ ರುಚಿಯಿಂದಲೇ ದಮಯಂತಿ ಗಂಡನ ಗುರುತು ಹಿಡಿಯುತ್ತಾಳೆ. ರೂಪ ಮರೆಯಾದರೂ ಕೈರುಚಿ ಉಳಿದಿತ್ತು. ಬ್ಲಿ‌ಯೆಯ ಲೂಯಿಜಾ ಈ ವಂಶದವಳೇ. ಹೊರಗೆ ನಿಂತು ಕಂಡು, ನಕ್ಕು, ಒಡೆಯನನ್ನು ಎಚ್ಚರಿಸಬೇಕಾದವಳು ಆಕೆ. ಆದರೆ ನಿರ್ದೇಶಕ ಆಕೆಗೂ ಅದೇ ಕಾಯಿಲೆಯನ್ನು ಕೊಡುತ್ತಾನೆ. ಹೊರಗೆ ನಿಲ್ಲುವವರೇ ಇಲ್ಲದಂತಾಗುತ್ತದೆ. ನಗೆಯ ಗುತ್ತಿಗೆಯೆಲ್ಲ ಕಾಯಿಲೆಯ ಪಾಲಾಗಿ, ಚಿತ್ರದ ಹಾಸ್ಯ ಕ್ರೂರವಾಗುವುದು ಇದರಿಂದಲೇ.

ಈ ನಷ್ಟದಲ್ಲೇ ಚಿತ್ರಕ್ಕೊಂದು ಲಾಭವೂ ಇದೆ. ಲೂಯಿಜಾ ಸಾರಥಿಯಾಗಿ ಉಳಿಯದಿದ್ದರೂ ಸಹಭಾಗಿಯಾಗುತ್ತಾಳೆ. ಆರೋಗ್ಯವಂತರಿಗೆ ಕಾಣದ್ದು ಆಕೆಗೆ ಕಾಣುತ್ತದೆ. ಒಬ್ಬ ರೋಗಿಯ ಏಕಾಂತವನ್ನು ಮುರಿಯಬಲ್ಲವರು ಇನ್ನೊಬ್ಬ ರೋಗಿ ಎಂಬ ಈ ತಿಳಿವು ಕಲಿ, ಶನಿ, ನಕ್ಷತ್ರಿಕರ ಕಥೆಗಳಲ್ಲಿಲ್ಲ. ಅಲ್ಲಿ ಕಾಡಿಸಿಕೊಳ್ಳುವವನು ಯಾವಾಗಲೂ ಒಬ್ಬನೇ, ಅದರಲ್ಲೂ ಒಬ್ಬ ರಾಜ.

ಆಕ್ಷೇಪಗಳು

ಪರಂಪರೆಯನ್ನು ಹೊಗಳಿ ಮುಗಿಸುವುದು ವಿಮರ್ಶೆಯಾಗಲಾರದು. ಅದರ ಎರಡು ದೋಷಗಳನ್ನು ಗುರುತಿಸಲೇಬೇಕು. ಒಂದು, ಈ ಕಥೆಗಳಲ್ಲಿ ಸಂಕಟಕ್ಕೆ ಯಾವಾಗಲೂ ಕಾರಣವಿದೆ. ನಳನ ಶೌಚದಲ್ಲಿ ಲೋಪವಿತ್ತು, ವಿಕ್ರಮನ ಮಾತಿನಲ್ಲಿ ಗರ್ವವಿತ್ತು. ಕಾರಣ ಹುಡುಕುವ ಈ ಅಭ್ಯಾಸ ಮನೆಯೊಳಗೆ ಬಂದಾಗ ರೋಗಿಯ ತಪ್ಪನ್ನು ಹುಡುಕುವ ಅಭ್ಯಾಸವಾಗುತ್ತದೆ. ಯಾವ ಪಾಪ ಮಾಡಿದ್ದಳೋ ಎಂಬ ಪಿಸುಮಾತು ಕಾಯಿಲೆಗಿಂತ ಹೆಚ್ಚು ಸುಡುತ್ತದೆ. ಇಲ್ಲಿ ಫ್ರೆಂಚ್ ಚಿತ್ರ ಮೇಲುಗೈ ಪಡೆಯುತ್ತದೆ. ಶಾರ್ಲನ ಕುಡಿತವನ್ನು ತೋರಿಸಿದರೂ ಯಾವ ದುಶ್ಚಟವೂ ಇಲ್ಲದ ಲೂಯಿಜಾಳಿಗೂ ಅದೇ ರೋಗ ಬರುವುದರಿಂದ ಶಿಕ್ಷೆಯ ತರ್ಕ ಮುರಿದುಬೀಳುತ್ತದೆ.

ಎರಡು, ಕಿಳ್ಳೇಕ್ಯಾತನ ಹಾಸ್ಯ ಬಹುಪಾಲು ಅವನ ಮೈಯನ್ನೇ ಅವಲಂಬಿಸಿದೆ. ಡೊಳ್ಳು ಹೊಟ್ಟೆ, ಗೂನು, ಕಪ್ಪು ಬಣ್ಣ ಅಲ್ಲಿ ನಗೆಯ ಸರಕು. ರೋಗಿಯನ್ನು ನಗೆಯಿಂದ ಪಾರುಮಾಡಿದ ಕಲೆ ಅಂಗವಿಕಲನನ್ನೂ ಕಪ್ಪು ಮೈಯವನನ್ನೂ ಆ ನಗೆಗೆ ಒಪ್ಪಿಸಿದೆ. ಈ ಬೊಂಬೆಯ ಹೆಸರೇ ಆಟ ಆಡಿಸುವ ಸಮುದಾಯದ ಹೆಸರಾಗಿ ಅಂಟಿಕೊಂಡದ್ದನ್ನೂ ಇದರೊಡನೆ ನೆನೆಯಬೇಕು.

ರೋಗಕ್ಕೆ ರೂಪಕ ತೊಡಿಸುವುದನ್ನೇ ಪ್ರಶ್ನಿಸಿದವರೂ ಉಂಟು. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕೃತಿಯಲ್ಲಿ, ಕ್ಷಯ ಮತ್ತು ಕ್ಯಾನ್ಸರುಗಳ ಸುತ್ತ ಬೆಳೆದ ರೂಪಕಗಳು ರೋಗಿಗಳಿಗೆ ಅಪಮಾನ ತಂದಿವೆಯೆಂದೂ, ರೋಗವನ್ನು ಬರಿಯ ರೋಗವಾಗಿ ಕಾಣುವುದೇ ಲೇಸೆಂದೂ ವಾದಿಸಿದರು. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ರೂಪಕಕ್ಕೂ ವೇಷಕ್ಕೂ ವ್ಯತ್ಯಾಸವಿದೆ. ರೂಪಕ ರೋಗಿಯ ಮೈಗೆ ಅಂಟುತ್ತದೆ; ವೇಷವನ್ನು ಇನ್ನೊಬ್ಬ ತೊಡುತ್ತಾನೆ, ಬೆಳಗಾದಾಗ ಬಣ್ಣ ಒರೆಸಿ ಕಳಚಿಡುತ್ತಾನೆ. ಅಟ್ಟದ ಮೇಲಿನ ಶನಿ ಬೆಳಗಿನ ಹೊತ್ತು ಅದೇ ಊರಿನ ಒಕ್ಕಲಿಗನೆಂಬುದು ಎಲ್ಲರಿಗೂ ತಿಳಿದಿರುತ್ತದೆ. ವೇಷವೆಂದರೆ ಕಳಚಲು ಬರುವಂಥದು ಎಂಬ ಈ ಅರಿವೇ ರಂಗಭೂಮಿ ರೋಗಿಗೆ ಕೊಡಬಹುದಾದ ಧೈರ್ಯ.

ವೇಷವಿಲ್ಲದ ಕಾಲ

ಇತ್ತೀಚಿನ ಕನ್ನಡ ಚಿತ್ರಗಳು ಸಾವು ಮತ್ತು ಕಾಯಿಲೆಗಳತ್ತ ನಗುಮೊಗದಿಂದ ನೋಡಲು ಯತ್ನಿಸಿವೆ. ರಾಮ್ ರೆಡ್ಡಿಯವರ ‘ತಿಥಿ’ (2015) ಮಂಡ್ಯ ಸೀಮೆಯ ಶತಾಯುಷಿಯೊಬ್ಬನ ಸಾವನ್ನು ಕರಾಳ ಹಾಸ್ಯವಾಗಿಸಿತು. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಮರೆವಿನ ಕಾಯಿಲೆಗೆ ತುತ್ತಾಗಿ ಕಾಣೆಯಾದ ತಂದೆಯ ಕಥೆ ಹೇಳಿತು. ಮೊದಲನೆಯದರಲ್ಲಿ ಸತ್ತವನ ಸುತ್ತಲಿನವರು ನಗೆ ತರಿಸುತ್ತಾರೆ. ಎರಡನೆಯದರಲ್ಲಿ ನಗೆಯ ಹೊಣೆ ಇತರ ಪಾತ್ರಗಳದು. ಎರಡರಲ್ಲಿಯೂ ಕಾಯಿಲೆ ಮಾತನಾಡುವುದಿಲ್ಲ. ಆರೋಗ್ಯ ಪ್ರಚಾರದ ಕಲಾಜಾಥಾಗಳಲ್ಲಿ ರೋಗ ರಾಕ್ಷಸನಾಗಿ ಬಂದದ್ದುಂಟು. 2020ರಲ್ಲಿ ದಕ್ಷಿಣ ಭಾರತದ ನಗರಗಳ ರಸ್ತೆಗಳಲ್ಲಿ ಯಮನ ವೇಷಗಳೂ ಕೊರೊನಾ ಆಕಾರದ ಶಿರಸ್ತ್ರಾಣಗಳೂ ಕಾಣಿಸಿಕೊಂಡವು. ಆದರೆ ಅವುಗಳ ಕೆಲಸ ಬೆದರಿಸುವುದಾಗಿತ್ತು. ಎದುರು ನಿಂತು ‘ನೀನು ಯಾರು, ಬಂದ ಕಾರಣವೇನು, ಹೋಗುವುದು ಯಾವಾಗ’ ಎಂದು ಕೇಳುವ ಸಾರಥಿ ಅವುಗಳ ಜೊತೆಗಿರಲಿಲ್ಲ.

ಅದೇ ವರ್ಷ ಜೂನ್ ತಿಂಗಳ ಕೊನೆಯಲ್ಲಿ ಬಳ್ಳಾರಿಯಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಶವಗಳನ್ನು ಗುಂಡಿಗೆ ಎಸೆದ ದೃಶ್ಯಗಳು ಹರಿದಾಡಿದವು. ಜಿಲ್ಲಾಡಳಿತ ಕ್ಷಮೆ ಯಾಚಿಸಬೇಕಾಯಿತು. ಆ ಘಟನೆಯನ್ನು ಆಡಳಿತದ ವೈಫಲ್ಯವೆಂದು ಚರ್ಚಿಸಲಾಗಿದೆ. ಅದರ ಸಾಂಸ್ಕೃತಿಕ ಮುಖವೂ ಗಮನಾರ್ಹ. ಕಣ್ಣಿಗೆ ಕಾಣದ ರೋಗಕ್ಕೆ ಸ್ವಂತದ ಮೈ ಇಲ್ಲದಾಗ ಸಮಾಜ ರೋಗಿಯ ಮೈಯನ್ನೇ ರೋಗವೆಂದು ಭಾವಿಸುತ್ತದೆ. ಮಾರಿಯ ಪ್ರತಿಮೆಯನ್ನು ಗಡಿ ದಾಟಿಸುತ್ತಿದ್ದ ನೆಲದಲ್ಲಿ ಮನುಷ್ಯರ ಶರೀರಗಳನ್ನು ಗಡಿ ದಾಟಿಸಿದಂತಾಯಿತು. ಹರಿಶ್ಚಂದ್ರನ ಸುಡುಗಾಡಿನಲ್ಲಿಯೂ ಸುಂಕವಿತ್ತು, ನಿಷ್ಠುರತೆಯಿತ್ತು. ಆದರೆ ಅಲ್ಲಿ ಹೆಣಕ್ಕೊಂದು ಹೆಸರಿತ್ತು, ಅದರ ಮುಂದೆ ಅಳುವ ತಾಯಿಯಿದ್ದಳು.

ಬ್ಲಿಯೆಯ ಚಿತ್ರವನ್ನು ಕನ್ನಡಕ್ಕೆ ಅನುಕರಿಸುವುದರಿಂದ ಈ ಕೊರತೆ ನೀಗದು. ಅದು ಸ್ಥಿತಿವಂತನೊಬ್ಬನ ಮನೆಯೊಳಗಿನ ಕಥೆ, ಸಭೆಯಿಲ್ಲದ ಆಟ. ಆದರೆ ಬಳ್ಳಾರಿಯ ರಂಗ ಮರೆತ ಕೌಶಲವೊಂದನ್ನು ಅದು ನೆನಪಿಸುತ್ತದೆ. ಹಳೆಯ ಪರಂಪರೆಯಿಂದ ಹೆಸರು ಕೇಳುವ ಸಾರಥಿಯನ್ನೂ ಹೊರದಾರಿಯ ನಂಬಿಕೆಯನ್ನೂ, ಫ್ರೆಂಚ್ ಚಿತ್ರದಿಂದ ಪಾಪಮುಕ್ತ ರೋಗಿಯನ್ನೂ ಕಾಯಿಲೆಯ ಜೊತೆಗಾತಿಯನ್ನೂ ಪಡೆದು ಕಟ್ಟಬಹುದಾದ ಆಟವೊಂದನ್ನು ಈ ಸೀಮೆ ಇನ್ನೂ ಆಡಬೇಕಾಗಿದೆ. ಸಿರುಗುಪ್ಪದ ಅಟ್ಟದ ಮೇಲೆ ಕ್ಯಾನ್ಸರ್ ಎಂಬ ಪಾತ್ರ ಬಂದು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿಕೊಳ್ಳಬೇಕಾದ ದಿನ, ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ರೋಗಿಗೆ ಮನೆಯವರು ಆ ಹೆಸರನ್ನು ಬಚ್ಚಿಡುವ ಅಗತ್ಯ ಉಳಿಯುವುದಿಲ್ಲ.